ತವರಿನ ಅಂಗಳದಲ್ಲಿ ಹದಿನೈದು ನಿಮಿಷ

ಬಸ್ಸಿಗಾಗಿ ಓಡಬಾರದು ಎಂದು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಪಾಲಹಳ್ಳಿಗೆ ಹತ್ತಿರದ ಆ ಊರಿಗೆ ನಾನು ಸೊಸೆಯಾಗಿ ಬಂದು ಹನ್ನೊಂದು ವರ್ಷವಾಗಿತ್ತು. ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿ, ಕಾಲೇಜಿನ ದಿನಗಳಲ್ಲಿ ನಾನೂರು ಮೀಟರ್ ಓಡುತ್ತಿದ್ದವಳು. ಆದರೂ ಬೆಳಗಿನ ಬಸ್ಸು ಕಣ್ಣೆದುರಿಗೇ ಹೊರಡುತ್ತಿದ್ದರೆ ಸೆರಗು ಸರಿಮಾಡಿಕೊಂಡು ನಿಧಾನವಾಗಿ ನಡೆದೇ ಹೋಗುತ್ತಿದ್ದೆ. ತಪ್ಪಿದರೆ ಅರಳೀಕಟ್ಟೆಯ ಪಕ್ಕ ಮುಕ್ಕಾಲು ಗಂಟೆ ಮುಂದಿನ ಬಸ್ಸಿಗೆ ಕಾಯುತ್ತಿದ್ದೆ. ಶಾಲೆಯ ಸೀಟಿ ಚೀಲದಲ್ಲಿ ಊಟದ ಡಬ್ಬಿಯ ಕೆಳಗೆ ಇರುತ್ತಿತ್ತು. ಬಸ್ಸು ಬೆಳಗೊಳ ದಾಟಿದ ಮೇಲೆ ಅದನ್ನು ತೆಗೆದು ಕತ್ತಿಗೆ ಹಾಕಿಕೊಳ್ಳುತ್ತಿದ್ದೆ.

ಇಂಥವಳಿಗೆ, ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ, ಇಲಾಖೆಯಿಂದ ಒಂದು ಆದೇಶ ಬಂತು. ಎಲ್ಲರಿಗೂ ಆಟ, ಎಲ್ಲ ವಯಸ್ಸಿನವರಿಗೂ ದೇಹದ ಚಟುವಟಿಕೆ ಎಂದು ದೇಶದೇಶಗಳಲ್ಲಿ ಕೆಲಸ ಮಾಡುವ ಅಂತರರಾಷ್ಟ್ರೀಯ ಸಂಸ್ಥೆಯೊಂದು ನಮ್ಮ ಕಡೆಯ ನಾಲ್ಕು ತಾಲ್ಲೂಕುಗಳಲ್ಲಿ ಪ್ರಯೋಗ ಮಾಡಲಿದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಈ ನಾಲ್ಕಕ್ಕೂ ನೀವು ಸಂಯೋಜಕಿ. ನಾಲ್ಕು ದಿನ ಬೆಂಗಳೂರಿನಲ್ಲಿ ತರಬೇತಿ.

ತರಬೇತಿಗೆ ಬಂದಿದ್ದ ಆ ಸಂಸ್ಥೆಯ ಹೆಂಗಸಿಗೆ ಎಪ್ಪತ್ತರ ಹತ್ತಿರ ವಯಸ್ಸು. ತಲೆ ಪೂರ್ತಿ ಬೆಳ್ಳಗಾಗಿತ್ತು. ಮೊದಲ ದಿನ ಆಕೆ ಎರಡನೆಯ ಮಹಡಿಯಿಂದ ಮೆಟ್ಟಿಲು ಇಳಿದು ಬಂದದ್ದನ್ನು ನಾನು ಈಗಲೂ ಮರೆತಿಲ್ಲ, ಏಕೆಂದರೆ ಇಳಿಯಲಿಲ್ಲ, ಓಡಿಬಂದಳು. ಪರದೆಯ ಮೇಲೆ ಚಿತ್ರಗಳನ್ನು ತೋರಿಸಿದಳು. ಯಾವುದೋ ದೇಶದ ನದಿಯ ದಡದಲ್ಲಿ ಮುದುಕಿಯರ ಸಾಲು ಒಟ್ಟಿಗೆ ಕೈ ಎತ್ತಿತ್ತು. ಇನ್ನೆಲ್ಲೋ ಹಿಮದ ಮೇಲೆ ಮೊಮ್ಮಕ್ಕಳ ಜೊತೆ ಅಜ್ಜಿಯರು ಜಾರುತ್ತಿದ್ದರು. ಅವರಲ್ಲಿ ಯಾರೂ ಪದಕಕ್ಕಾಗಿ ಆಡುತ್ತಿರಲಿಲ್ಲ. ಹದಿನಾಲ್ಕು ವರ್ಷದ ಮಕ್ಕಳನ್ನು ಗೆಲ್ಲಿಸುವುದೇ ನನ್ನ ಕೆಲಸ ಎಂದು ತಿಳಿದವಳು ನಾನು. ಅದರಾಚೆಗೆ ಒಂದು ಇಡೀ ಜಗತ್ತು ಆಡಿಕೊಂಡಿದೆ ಎಂಬುದು ನನಗೆ ಗೊತ್ತೇ ಇರಲಿಲ್ಲ.

ನಿಯಮಗಳು ಕೆಲವೇ. ಗೊತ್ತುಮಾಡಿದ ಒಂದು ದಿನ, ಒಂದು ಜಾಗದಲ್ಲಿ, ಹದಿನೈದು ನಿಮಿಷ ಎಡೆಬಿಡದೆ ಮೈ ಆಡಿಸಬೇಕು. ಮಧ್ಯೆ ನಿಂತರೆ ಗಡಿಯಾರ ಮತ್ತೆ ಸೊನ್ನೆಯಿಂದ. ದುಡಿಮೆ ಲೆಕ್ಕಕ್ಕಿಲ್ಲ, ಬಲವಂತವಂತೂ ಕೂಡದು. ಬಂದವರಲ್ಲಿ ಅರ್ಧದಷ್ಟಾದರೂ ಹೆಂಗಸರಿರಬೇಕು, ಅವರಲ್ಲೂ ನಲವತ್ತು ದಾಟಿದವರು ಇರಬೇಕು. ಎಷ್ಟು ರಭಸ ಸಾಕು ಎಂದು ತಿಳಿಯಲು ಒಂದು ಸುಲಭದ ಉಪಾಯ ಹೇಳಿಕೊಟ್ಟರು: ಆಡುವವರಿಗೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಕೊನೆಯಲ್ಲಿ ಆ ಬಿಳಿತಲೆಯ ಹೆಂಗಸೇ ವೀಕ್ಷಕಿಯಾಗಿ ಬಂದು ನೋಡುತ್ತಾಳೆ. ಹೆಂಗಸರು ಬರದಿದ್ದರೆ ಕಾರ್ಯಕ್ರಮ ಬೇರೆ ಜಿಲ್ಲೆಗೆ ಹೋಗುತ್ತದೆ, ಬಂದರೆ ನಮ್ಮ ನಾಲ್ಕು ತಾಲ್ಲೂಕಿನ ಹಳ್ಳಿಗಳಲ್ಲಿ ಮೂರು ವರ್ಷ ನಡೆಯುತ್ತದೆ.

ಶುರು ಮಾಡಿದ್ದು ನನ್ನ ಶಾಲೆ ಇದ್ದ ಪಾಂಡವಪುರ ತಾಲ್ಲೂಕಿನ ಹಳ್ಳಿಯಲ್ಲೇ. ಬೆಳಿಗ್ಗೆ ಆರಕ್ಕೆ ಶಾಲಾ ಮೈದಾನ ಎಂದು ಡಂಗುರ ಹಾಕಿಸಿದೆ. ಸುಣ್ಣದ ಪುಡಿಯಲ್ಲಿ ಗೆರೆ ಎಳೆದೆ, ಹಗ್ಗ ತಂದಿಟ್ಟೆ. ಗಂಡಸರು ಬಂದರು, ವಾಲಿಬಾಲ್ ನೆಟ್ ಕಟ್ಟಿದರು, ಆಡಿದರು, ಜಗಳವಾಡಿದರು, ಹೋದರು. ಹೆಂಗಸರು ಕಾಂಪೌಂಡಿನ ಆಚೆ ನಿಂತು ತಲೆಗಳನ್ನು ಮಾತ್ರ ತೋರಿಸಿದರು. ನಾನು ಹತ್ತಿರ ಹೋದರೆ ತಲೆಗಳೂ ಇಲ್ಲ. ಎರಡು ವಾರ ಇದೇ ಆಯಿತು. ಉಳಿದ ಮೂರು ತಾಲ್ಲೂಕುಗಳ ಶಿಕ್ಷಕರು ಬರೆದದ್ದೂ ಇದನ್ನೇ.

ಅವರು ಬರದಿದ್ದರೆ ಅವರಿರುವಲ್ಲಿಗೆ ಹೋಗೋಣ ಎಂದು ಅದೇ ಹಳ್ಳಿಯ ಹಾಲಿನ ಡೇರಿಗೆ ಹೋದೆ. ಅದು ಮಹಿಳೆಯರ ಸಹಕಾರ ಸಂಘ. ಅಲ್ಲಿನ ಒಂದು ಪದ್ಧತಿ ನನ್ನ ಕಣ್ಣಿಗೆ ಬಿತ್ತು. ಸಾಲಿನಲ್ಲಿ ಹೆಂಗಸರು ನಿಲ್ಲುತ್ತಿರಲಿಲ್ಲ, ಅವರ ಪಾತ್ರೆಗಳು ನಿಲ್ಲುತ್ತಿದ್ದವು. ಹಾಲಿನ ಕ್ಯಾನು, ಉಗ್ಗ, ಸ್ಟೀಲ್ ಬಕೆಟ್ಟು, ಯಾರದು ಯಾವುದೆಂದು ಎಲ್ಲರಿಗೂ ಗೊತ್ತು. ಸರದಿ ಬರುವವರೆಗೆ ಪಾತ್ರೆಯ ಒಡತಿ ಸ್ವತಂತ್ರಳು. ಕಾಲು ಗಂಟೆ, ಕೆಲವೊಮ್ಮೆ ಅರ್ಧ ಗಂಟೆ. ಬೇಕಾದ ಹದಿನೈದು ನಿಮಿಷ ಅಲ್ಲೇ ಸಿಕ್ಕಿತಲ್ಲ ಎಂದು ನನಗೆ ಖುಷಿಯೋ ಖುಷಿ.

ಮಂಡಿನೋವಿಗೆ ಒಳ್ಳೆಯದು ಎಂದು ಹೇಳಿ ಗೋಡೆ ಹಿಡಿದು ಹಿಮ್ಮಡಿ ಎತ್ತುವುದು, ಕಾಲು ಚಾಚುವುದು ಇಷ್ಟನ್ನು ಹೇಗೋ ಮಾಡಿಸಿದೆ. ನಾಡಿ ನೋಡುವುದನ್ನೂ ಕಲಿಸಿದೆ. ಕತ್ತಿನ ಪಕ್ಕ ಎರಡು ಬೆರಳಿಟ್ಟು ಎಣಿಸಿ ಎಂದರೆ ಒಬ್ಬರ ಕತ್ತಿಗೆ ಒಬ್ಬರು ಬೆರಳಿಟ್ಟು ನಗುತ್ತಿದ್ದರು. ಆದರೆ ಓಡಿ, ಕುಂಟಿ, ಆಡಿ ಎಂದ ಕೂಡಲೇ ಎಲ್ಲರಿಗೂ ತಮ್ಮ ಪಾತ್ರೆ ನೆನಪಾಗುತ್ತಿತ್ತು.

ಒಂದು ಮಂಗಳವಾರ ಡೇರಿಯ ಕಾರ್ಯದರ್ಶಿ, ನಲವತ್ತೈದರ ಗಟ್ಟಿ ಹೆಂಗಸು, ಹಾಲಿಗೆ ಲ್ಯಾಕ್ಟೋಮೀಟರ್ ಬಿಟ್ಟು ನೀರು ಬೆರೆತಿದೆಯೇ ಎಂದು ನೋಡುತ್ತಲೇ ನನ್ನನ್ನು ತರಾಟೆಗೆ ತೆಗೆದುಕೊಂಡಳು.

"ಅಲ್ಲ ಕಣ್ ಟೀಚರಮ್ಮ, ಬೆಳಿಗ್ಗೆ ಎದ್ದು ಕೊಟ್ಟಿಗೆ ಬಾಚಿ, ಉಲ್ಲು ಒತ್ತು, ಆಲು ಕರ್ದು ಬಂದೋರ್ಗೆ ಓಡಿ ಅಂತೀರಲ್ಲ, ನಾವೇನು ಕುಂತಿದ್ವಾ?"

"ಅದು ದುಡಿಮೆ. ಇದು ನಿಮ್ಮ ಖುಷಿಗೆ" ಎಂದೆ. ಪುಸ್ತಕದಲ್ಲಿ ಹಾಗೇ ಇತ್ತು.

"ಖುಷಿಗೆ ಓಡಿದ್ರೆ ನಮ್ಮಾವ ಏನಂದಾರು? ನಮ್ ಬಾವ್ನೋರು ಏನಂದಾರು? ಆಗ್ಲಿ ಬುಡಿ, ಒಂದ್ ಮಾತ್ ಕೇಳ್ತೀನಿ. ನಿಮ್ಮೂರಲ್ಲಿ, ನಿಮ್ಮತ್ತೆ ಮುಂದೆ, ನೀವು ಯಾವತ್ತಾರ ಓಡಿದ್ದೀರಾ?"

ಇಡೀ ಡೇರಿ ನನ್ನ ಬಾಯಿ ನೋಡಿತು. ಸುಳ್ಳು ಹೇಳಬಹುದಿತ್ತು. ಕತ್ತಿನಲ್ಲಿದ್ದ ಸೀಟಿಯನ್ನು ಕೈಯಲ್ಲಿ ಮುಚ್ಚಿಕೊಂಡು "ಇಲ್ಲ" ಎಂದೆ. ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಪಾತ್ರೆ ಎತ್ತಿಕೊಂಡು ಒಬ್ಬೊಬ್ಬರಾಗಿ ಹೋದರು. ನಾನು ಮಾಡದೆ ಇರುವುದನ್ನು ಇವರಿಂದ ಮಾಡಿಸಲು ಹೊರಟಿದ್ದೇನೆ ಎಂದು ನನಗೆ ನಾಚಿಕೆಯಾಯಿತು.

ಆ ವಾರದ ಕೊನೆಯಲ್ಲಿ ಹೇಮಗಿರಿಯ ಕಡೆಯ ಒಂದು ಹಳ್ಳಿಯ ಶಿಕ್ಷಕರನ್ನು ನೋಡಲು ಹೊರಟಿದ್ದೆ. ನಮ್ಮ ಬೆಳಗಿನ ಬಸ್ಸೇ ಪಾಂಡವಪುರದ ಮೇಲೆ ಕೆ.ಆರ್.ಪೇಟೆಗೆ ಹೋಗಿ ಆ ದಾರಿಯಲ್ಲೂ ಹೋಗುತ್ತಿತ್ತು. ಆ ಹಳ್ಳಿ ನಮ್ಮ ಅತ್ತೆಯ ತವರೂರು. ಪಾಂಡವಪುರ ದಾಟುವಾಗ ಡೇರಿಯ ಕಾರ್ಯದರ್ಶಿ ಹತ್ತಿದಳು. ತಲೆಯ ಮೇಲೆ ಸೆರಗು, ಕೈಯಲ್ಲಿ ಚೀಲ. ನನ್ನನ್ನು ನೋಡಿದಳು, ನೋಡದ ಹಾಗೆ ಕೂತಳು. ನನ್ನ ನಿಲ್ದಾಣಕ್ಕೇ ಅವಳೂ ಇಳಿದಳು. ಅದು ಅವಳದೂ ತವರೂರು ಎಂದು ನನಗೆ ಗೊತ್ತಾದದ್ದು ಆಗ.

ಇಳಿದವಳು ಚಪ್ಪಲಿ ಕಳಚಿ ಕೈಗೆ ತೆಗೆದುಕೊಂಡಳು. ಸೆರಗನ್ನು ತಲೆಯಿಂದ ಕೆಳಗೆ ತಳ್ಳಿ ಸೊಂಟಕ್ಕೆ ಸಿಕ್ಕಿಸಿದಳು. ಗದ್ದೆಯ ಬದುವಿನ ಮೇಲೆ, ಆಚೆ ತುದಿಯಲ್ಲಿ ಹಸು ಮೇಯಿಸುತ್ತಿದ್ದ ಯಾರನ್ನೋ ಕೂಗುತ್ತಾ, ಓಡತೊಡಗಿದಳು. ಬದು ಒಂದಡಿ ಅಗಲವಿದ್ದೀತು. ನಡುವೆ ಎರಡು ಕಡೆ ನೀರಿಗೆ ಬಿಟ್ಟ ಕಂಡಿ. ಹೆಜ್ಜೆ ತಪ್ಪದೆ ಎರಡನ್ನೂ ಹಾರಿದಳು. ನಾನು ಓಟ ಕಲಿಸುವವಳು, ಓಟ ನೋಡಿದರೆ ಗೊತ್ತಾಗುತ್ತದೆ. ಆ ಕಾಲುಗಳಲ್ಲಿ ಮೂವತ್ತು ವರ್ಷದ ಹಿಂದಿನ ಒಬ್ಬ ಓಟಗಾರ್ತಿ ಹಾಗೇ ಉಳಿದಿದ್ದಳು. ರಸ್ತೆಯಲ್ಲಿ ಬಾಯಿ ತೆರೆದುಕೊಂಡು ನಿಂತುಬಿಟ್ಟೆ.

ಬಸ್ಸು ಇನ್ನೂ ಹೊರಟಿರಲಿಲ್ಲ. ಕಂಡಕ್ಟರ್ ಬಾಗಿಲಲ್ಲಿ ನೇತಾಡಿಕೊಂಡು ನನ್ನ ಮುಖ ನೋಡಿ ನಕ್ಕ.

"ಏನ್ ಮೇಡಮ್ಮೋರೆ, ಇದೇ ಮೊದ್ಲಾ ನೋಡ್ತಿರಾದು? ಗೌರಿ ಅಬ್ಬದಲ್ಲಿ ನೋಡ್ಬೇಕು ನೀವು. ಈ ರೂಟಿನ ಎಣ್ಮಕ್ಕಳೆಲ್ಲ ಅದ್ಲುಬದ್ಲು ಆಗೋಯ್ತಾರೆ. ಆ ಊರೋರು ಈ ಊರ್ಗೆ, ಈ ಊರೋರು ಆ ಊರ್ಗೆ. ಅತ್ತೋವಾಗ ಸೊಸೇರು, ಇಳಿಯೋವಾಗ ಮಕ್ಳು. ಮೂರು ದಿನ ಒಬ್ರೂ ನಡ್ಯಾಕಿಲ್ಲ, ಬರೀ ಓಟ."

ಅವನು ರೈಟ್ ಎಂದು ಬಸ್ಸು ಬಡಿದು ಹೋದ. ನನಗೆ ದಾರಿ ಹೊಳೆದದ್ದು ಅಲ್ಲಿ ನಿಂತಾಗಲೇ. ನಾನು ನಾಲ್ಕು ತಾಲ್ಲೂಕುಗಳಲ್ಲಿ ಹೆಂಗಸರನ್ನು ತಪ್ಪು ಊರಿನಲ್ಲಿ ಹುಡುಕುತ್ತಿದ್ದೆ.

ಕಾಗದದ ಕೆಲಸ ಅಲ್ಲಿಂದ ಶುರುವಾಯಿತು. ಸಂಸ್ಥೆಯ ನಮೂನೆಯಲ್ಲಿ "ವಾಸಿಸುವ ಊರು" ಎಂಬ ಕಲಂ ಇತ್ತು. ಅದನ್ನು ಹೊಡೆದುಹಾಕಿ "ತವರೂರು" ಎಂದು ಬರೆದೆ. ಕಾರ್ಯಕ್ರಮವನ್ನು ಗೌರಿ ಹಬ್ಬದ ಮೂರನೆಯ ದಿನಕ್ಕೆ ಇಟ್ಟೆ. ಸಂಸ್ಥೆಗೆ ಏರೋಗ್ರಾಮಿನಲ್ಲಿ, ತವರೂರು ಎಂಬ ಪದವನ್ನು ಮಾತ್ರ ಹಾಗೇ ಇಟ್ಟು, ಹೀಗೆ ಹೀಗೆ ಎಂದು ವಿವರಿಸಿ ಬರೆದು ಹಾಕಿದೆ. ಮಂಡ್ಯದ ಕಚೇರಿಯ ಅಧಿಕಾರಿ ನನ್ನ ಕಡತ ನೋಡಿ ಕನ್ನಡಕ ತೆಗೆದಿಟ್ಟರು.

"ಅಲ್ಲಮ್ಮ, ಹೊರದೇಶದೋರ ಫಾರಂ ತಿದ್ದೋಕೆ ನಿಮಗೆ ಅಧಿಕಾರ ಕೊಟ್ಟೋರು ಯಾರು? ಹಬ್ಬದ ರಜೇಲಿ ಯಾರು ಬರ್ತಾರೆ? ಆವಮ್ಮ ಖಾಲಿ ಮೈದಾನ ನೋಡ್ಕೊಂಡು ಹೋದ್ರೆ ಉತ್ತರ ಕೊಡೋರು ಯಾರು?"

"ನಾನೇ ಕೊಡ್ತೀನಿ ಸಾರ್."

"ಬರ್ಕೊಡಿ ಹಂಗಂತ."

ಬರೆದುಕೊಟ್ಟೆ. ಸಂಸ್ಥೆಯಿಂದ ಉತ್ತರ ಬಂದಿರಲಿಲ್ಲ.

ಆಮೇಲೆ ಊರುಗಳ ಆಯ್ಕೆ. ಮೊದಲು ನಾನು ಆರಿಸಿದ್ದ ನಾಲ್ಕು ಹಳ್ಳಿಗಳಲ್ಲಿ ಎರಡಕ್ಕೆ ಉಳಿದವುಗಳ ಜೊತೆ ಸಂಬಂಧವೇ ಇರಲಿಲ್ಲ. ಹೆಣ್ಣು ಕೊಡುವುದೂ ಇಲ್ಲ, ತರುವುದೂ ಇಲ್ಲ. ಡೇರಿಯ ಕಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಊರುಗಳನ್ನು ಬರೆದು, ಹೆಂಗಸರು ಹೇಳಿದ ಹಾಗೆ ಗೆರೆ ಎಳೆಯುತ್ತಾ ಹೋದೆ. ನಾಗಮಂಗಲದ ಈ ಊರಿಂದ ಪಾಂಡವಪುರದ ಆ ಊರಿಗೆ, ಅಲ್ಲಿಂದ ಹೇಮಗಿರಿ ಕಡೆಗೆ, ಅಲ್ಲಿಂದ ಪಾಲಹಳ್ಳಿ ಕಡೆಗೆ. ಅರ್ಧ ಗಂಟೆಯಲ್ಲಿ ನಾಲ್ಕು ತಾಲ್ಲೂಕು ನೆಂಟಸ್ತಿಕೆಯ ಒಂದು ಬಲೆಯಾಗಿ ಕಟ್ಟೆಯ ಮೇಲೆ ಮೂಡಿತು. ಆ ಸೀಮೆಯಲ್ಲೇ ಹುಟ್ಟಿ ಬೆಳೆದವಳು ನಾನು, ಅದನ್ನು ಹಾಗೆ ಒಟ್ಟಿಗೆ ಎಂದೂ ಕಂಡಿರಲಿಲ್ಲ. ಆ ಗೆರೆಗಳಲ್ಲಿ ಎರಡು ಊರು ಬಿಟ್ಟೆ, ಎರಡು ಹೊಸದು ಸೇರಿಸಿದೆ.

ಇನ್ನೊಂದು ತೊಡಕನ್ನು ಕಾರ್ಯದರ್ಶಿಯೇ ತೋರಿಸಿದಳು. ನನ್ನ ಮೇಲಿನ ಅವಳ ಸಿಟ್ಟು ಇಳಿದಿತ್ತು, ಪ್ರಶ್ನೆ ಇಳಿದಿರಲಿಲ್ಲ. "ಎಲ್ರಿಗೂ ತವ್ರು ಅದೆ ಅಂತ ಅನ್ಕೋಬ್ಯಾಡಿ. ಅಪ್ಪ ಅವ್ವ ವೋದ್ಮೇಲೆ, ಅಣ್ತಮ್ಮಂದ್ರು ವೋದ್ಮೇಲೆ ಕರೆಯೋರು ಯಾರು? ಕರೀದೆ ಎಂಗ್ ವೋಗದು?"

ಈ ಮಾತಿನ ನಿಜವನ್ನು ನಾನು ನಮ್ಮ ಮನೆಯಲ್ಲೇ ಕಂಡಿದ್ದೆ. ನಮ್ಮತ್ತೆಗೆ ಅರವತ್ತು ದಾಟಿತ್ತು. ಅವರ ತಮ್ಮ ತೀರಿಕೊಂಡ ಮೇಲೆ ಆ ಮನೆಯಿಂದ ಗೌರಿ ಬಾಗಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಬರುತ್ತಿತ್ತು. ಕರೆಯಲು ಯಾರೂ ಬರುತ್ತಿರಲಿಲ್ಲ. ಅತ್ತೆ ಮೊರ ತೆಗೆದುಕೊಂಡು ಒಳಗೆ ಇಡುತ್ತಿದ್ದರು. ಆ ತಮ್ಮನ ಮಗನೇ ಈಗ ಅಲ್ಲಿಯ ಗ್ರಾಮ ಪಂಚಾಯ್ತಿ ಅಧ್ಯಕ್ಷ.

ಹಾಗಾಗಿ ನಮೂನೆಯ ಮೇಲ್ಭಾಗದಲ್ಲಿ ಎರಡು ಸಾಲು ಸೇರಿಸಿ ಸೈಕ್ಲೋಸ್ಟೈಲ್ ಮಾಡಿಸಿದೆ: "ನಮ್ಮೂರ ಮಗಳು ಶ್ರೀಮತಿ ... ಇವರು ಹಬ್ಬಕ್ಕೆ ಬಂದು ಮೂರನೆಯ ದಿನ ನಮ್ಮೂರ ಶಾಲಾ ಮೈದಾನದಲ್ಲಿ ಆಡಬೇಕೆಂದು ಕರೆಯುತ್ತಿದ್ದೇವೆ." ಕೆಳಗೆ ಕರೆಯುವವರ ಸಹಿ. ತವರಿನಲ್ಲಿ ಯಾರಿದ್ದಾರೋ ಅವರ ಸಹಿ. ಯಾರೂ ಇಲ್ಲದವರಿಗೆ ಪಂಚಾಯ್ತಿ ಅಧ್ಯಕ್ಷರ ಸಹಿ. ಹೇಮಗಿರಿ ಕಡೆಯ ಆ ಅಧ್ಯಕ್ಷ ಕಾಗದದ ಕಟ್ಟು ನೋಡಿ, ಪೆನ್ನು ತೆಗೆದು, ಒಂದನ್ನೂ ಓದದೆ ಸರಸರನೆ ಸಹಿ ಹಾಕಿಕೊಟ್ಟ. ಆ ಕಟ್ಟಿನಲ್ಲಿ ಅವನ ಸೋದರತ್ತೆಯ, ಅಂದರೆ ನಮ್ಮತ್ತೆಯ, ಕಾಗದವೂ ಇತ್ತು. ನಾನು ಅದನ್ನು ಹೇಳಲಿಲ್ಲ.

ಕಾಗದಗಳನ್ನು ಹಂಚಿದ್ದು ಕಂಡಕ್ಟರ್. ಊರೂರಿನ ನಿಲ್ದಾಣದಲ್ಲಿ ಹೆಸರು ಕೂಗಿ ಕೊಟ್ಟ. ನಮ್ಮೂರಿನಲ್ಲಿ ಅತ್ತೆಗೂ ಕೊಟ್ಟ. ಸಂಜೆ ನಾನು ಮನೆಗೆ ಬಂದಾಗ ಅವರು ಅದನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಕೂತಿದ್ದರು. ಅವರಿಗೆ ಓದು ಬಾರದು.

"ಏನ್ ಬರ್ದವ್ರೆ ಓದವ್ವ."

ಓದಿದೆ. "ಇನ್ನೊಂದ್ಸಲ ಓದು" ಎಂದರು. ಓದಿದೆ. "ಸೈನು ಯಾರ್ದು?" ಹೇಳಿದೆ. ಕಾಗದವನ್ನು ನಾಲ್ಕಾಗಿ ಮಡಿಚಿ ಎಲೆಯಡಿಕೆ ಚೀಲದಲ್ಲಿ ಇಟ್ಟುಕೊಂಡರು. ಹೋಗುತ್ತೇನೆ ಎನ್ನಲಿಲ್ಲ, ಹೋಗುವುದಿಲ್ಲ ಎಂದೂ ಹೇಳಲಿಲ್ಲ.

ವೀಕ್ಷಕಿ ಬರುವುದು ಆ ಹೇಮಗಿರಿ ಕಡೆಯ ಹಳ್ಳಿಗೇ ಎಂದು ಗೊತ್ತಾಯಿತು. ಹಿಂದಿನ ರಾತ್ರಿ ಕೆ.ಆರ್.ಪೇಟೆಯಲ್ಲೇ ಉಳಿದು ಮೂರನೆಯ ದಿನ ನಸುಕಿನಲ್ಲಿ ನಾನು ಅಲ್ಲಿಗೆ ತಲುಪಿದಾಗ ಸಣ್ಣಗೆ ಮಳೆ ಬಿದ್ದು ನಿಂತಿತ್ತು. ಹಿಂದಿನ ದಿನ ಎಳೆಸಿದ್ದ ಸುಣ್ಣದ ಗೆರೆಗಳೆಲ್ಲ ಹಾಲಿನ ಹಾಗೆ ಹರಿದುಹೋಗಿದ್ದವು. ಗೂಟ ನೆಟ್ಟು ಹಗ್ಗ ಹಿಡಿದು ವೃತ್ತ ಎಳೆಯಲು ನನಗೆ ಗಂಟೆಯಾದರೂ ಬೇಕು. ತಲೆ ಮೇಲೆ ಕೈ ಹೊತ್ತು ನಿಂತಿದ್ದೆ. ಆಗ ಊರಿನ ಹೆಣ್ಣುಮಕ್ಕಳು ಬಂದರು. ಕಾರ್ಯದರ್ಶಿ ಮುಂದೆ ಇದ್ದಳು. ಹಬ್ಬಕ್ಕೆ ಉಳಿದಿದ್ದ ರಂಗೋಲಿ ಪುಡಿ ತಂದಿದ್ದರು. ಬಗ್ಗಿ, ಹಿಂದಕ್ಕೆ ಹೆಜ್ಜೆ ಇಡುತ್ತಾ, ಬೆರಳ ಸಂದಿಯಿಂದ ಪುಡಿ ಬಿಡುತ್ತಾ ಹೋದರು. ಹಗ್ಗವೂ ಇಲ್ಲ, ಗೂಟವೂ ಇಲ್ಲ. ಮುಗಿದ ಮೇಲೆ ನಾನು ಟೇಪು ಹಿಡಿದು ಅಳೆದೆ. ಇಪ್ಪತ್ತು ಮೀಟರಿನ ವೃತ್ತದಲ್ಲಿ ಒಂದು ಗೇಣೂ ತಪ್ಪಿರಲಿಲ್ಲ. ಕಾಲು ಗಂಟೆಯೊಳಗೆ ಓಟದ ವೃತ್ತ, ಲಗೋರಿಯ ಮನೆ, ಕುಂಟೆಬಿಲ್ಲೆಯ ಹತ್ತು ಪಟ ಎಲ್ಲ ಸಿದ್ಧವಾಗಿದ್ದವು.

ಎಷ್ಟು ಜನ ಬಂದಿದ್ದರು ಎಂದರೆ, ಮೈದಾನದ ಅಂಚಿನಲ್ಲಿ ಚಪ್ಪಲಿಗಳನ್ನು ಸಾಲಾಗಿ ಬಿಡಿ ಎಂದು ನಾನೇ ಹೇಳಿ, ಆ ಸಾಲು ರಸ್ತೆಗೆ ಮುಟ್ಟಿದ್ದನ್ನು ನೋಡಿ ನಾನೇ ಬೆಚ್ಚಿದೆ. ಹೊಸ ಮದುವಣಗಿತ್ತಿಯರು, ಮೊಮ್ಮಕ್ಕಳನ್ನು ಕಂಡವರು, ಬೊಚ್ಚುಬಾಯಿಯವರು. ಊರಿನ ಸೊಸೆಯರಲ್ಲಿ ತವರಿಗೆ ಹೋಗದೆ ಉಳಿದವರು ಮಾತ್ರ ಬಾಗಿಲುಗಳಲ್ಲಿ ನಿಂತು ನೋಡುತ್ತಿದ್ದರು. ಕೆ.ಆರ್.ಪೇಟೆ ಕಡೆಯಿಂದ ಬಸ್ಸು ಬಂತು. ಅತ್ತೆ ಇಳಿದರು. ಎಲೆಯಡಿಕೆ ಚೀಲ ಹಿಡಿದು ಶಾಲೆಯ ಗೋಡೆಗೆ ಒರಗಿ ನಿಂತರು. ನನ್ನ ಕಡೆ ನೋಡಲಿಲ್ಲ. ನಾನು ಕತ್ತಿನ ಸೀಟಿಯನ್ನು ಸೆರಗಿನೊಳಗೆ ಸರಿಸಿದೆ. ಊದುವ ಹೊತ್ತಿಗೆ ಅವರಿಗೆ ಬೆನ್ನು ಮಾಡಿ ಊದಿದೆ.

ಶುರುವಾಯಿತು. ಮೊದಲ ನಿಮಿಷ ಬರೀ ನಗು. ಎರಡನೆಯ ನಿಮಿಷಕ್ಕೆ ಯಾರು ಯಾರನ್ನೋ ಹೆಸರು ಹಿಡಿದು ಕರೆಯತೊಡಗಿದರು. ಗಂಡನ ಮನೆಯಲ್ಲಿ ಇಂಥವರ ಹೆಂಡತಿ, ಇಂಥವರ ತಾಯಿ ಎನಿಸಿಕೊಂಡವರಿಗೆಲ್ಲ ಅಲ್ಲಿ ಚಿಕ್ಕಂದಿನ ಹೆಸರಿತ್ತು. ಸ್ಟಾಪ್‌ವಾಚು ಒಂಬತ್ತು ನಿಮಿಷ ತೋರಿಸುತ್ತಿದ್ದಾಗ ರಸ್ತೆಯಲ್ಲಿ ಕಾರು ನಿಂತಿತು. ವೀಕ್ಷಕಿ ಇಳಿದಳು.

ಆಗ ಆದದ್ದನ್ನು ನಾನು ಮೊದಲೇ ಊಹಿಸಬೇಕಿತ್ತು. ಅತಿಥಿ ಬಂದ ಮೇಲೂ ಆಟ ಮುಂದುವರಿಸುವ ಸೀಮೆ ನಮ್ಮದಲ್ಲ. ಅಧ್ಯಕ್ಷ ಹಾರ, ಶಾಲು, ಹಣ್ಣಿನ ತಟ್ಟೆ ಸಮೇತ ಮೈದಾನದ ಮಧ್ಯಕ್ಕೇ ನಡೆದುಬಂದ. ಮೈಕು ಹಿಡಿದು, "ತಾಯಂದಿರೆಲ್ಲ ಇದ್ದಲ್ಲೇ ನಿಂತು ವಿದೇಶದಿಂದ ಬಂದ ಅತಿಥಿಗಳನ್ನು ಸ್ವಾಗತಿಸಬೇಕಾಗಿ ವಿನಂತಿ" ಎಂದ. ಇಡೀ ಮೈದಾನ ನಿಂತಿತು. ಸೊಂಟದಿಂದ ಸೆರಗುಗಳು ಬಿಚ್ಚಿ ತಲೆಗೆ ಏರಿದವು. ವೀಕ್ಷಕಿ ಎರಡೂ ಕೈ ಬೀಸುತ್ತಾ ಬೇಡ, ನಿಲ್ಲಬೇಡಿ ಎನ್ನುತ್ತಿದ್ದಳು. ಅದನ್ನು ಎಲ್ಲರೂ ನಮಸ್ಕಾರ ಎಂದುಕೊಂಡು ಕೈ ಮುಗಿದರು. ನಾನು ಗಡಿಯಾರ ನಿಲ್ಲಿಸಿದೆ. ಒಂಬತ್ತು ನಿಮಿಷ ನೀರಿನಲ್ಲಿ ಹೋಮ ಮಾಡಿದ ಹಾಗಾಯಿತು.

ಅಧ್ಯಕ್ಷನಿಗೆ ನಾನು ಹೇಳಬೇಕಿತ್ತು. ಆದರೆ ಅದು ಅತ್ತೆಯ ತವರು, ನಾನು ಅಲ್ಲಿಗೂ ಸೊಸೆಯೇ. ಅವನು ಭಾಷಣದ ಕಾಗದ ಬಿಚ್ಚುತ್ತಿದ್ದ. ಇನ್ನು ಅರ್ಧ ಗಂಟೆಯಾದರೆ ಹೆಂಗಸರು ಅಡುಗೆಗೆ ಹೊರಡುತ್ತಾರೆ, ಆಮೇಲೆ ಆ ಮೈದಾನ ತುಂಬುವುದಿಲ್ಲ ಎಂದು ನನಗೆ ಗೊತ್ತಿತ್ತು.

ಶಾಲೆಯ ಗೋಡೆಯ ಕಡೆಯಿಂದ ಒಂದು ದನಿ ಬಂತು.

"ಲೇ! ಆ ಪೇಪರ್ನ ಮಡ್ಗ್ಲಾ ಒಳ್ಗೆ!"

ಮೈಕೇ ಬೇಡದಂಥ ದನಿ. ಹನ್ನೊಂದು ವರ್ಷ ಒಂದೇ ಮನೆಯಲ್ಲಿದ್ದರೂ ನಮ್ಮತ್ತೆಗೆ ಅಂಥ ದನಿ ಇದೆ ಎಂದು ನನಗೆ ಗೊತ್ತಿರಲಿಲ್ಲ. ಅತ್ತೆ ನಡೆದುಬಂದರು.

"ಏನತ್ತೆ, ನೀನ್ ಯಾವಾಗ್ ಬಂದೆ?" ಎಂದ ಅಧ್ಯಕ್ಷ. ಅವನ ಕೈಯಲ್ಲಿ ಹಾರ ಹಾಗೇ ತೂಗುತ್ತಿತ್ತು.

"ಕರ್ದೋನು ನೀನು, ಯಾವಾಗ್ ಬಂದೆ ಅಂತ ನನ್ನ ಕೇಳ್ತೀಯೇನ್ಲಾ? ಸೈನ್ ಆಕಿಲ್ವಾ? ಆಡಾಕೆ ಬಾ ಅಂತ ಕರ್ದು ಈಗ ನಿಲ್ಸ್ತೀಯಾ? ಆರ ಆಮೇಲ್ ಆಕೀವಂತೆ. ವೋಗು, ಆ ಕಟ್ಟೆ ಮ್ಯಾಲೆ ಕುಂತ್ಕೋ. ಮುಗಿಯೋಗಂಟ ಎದ್ರೆ ನೋಡು."

ಅಧ್ಯಕ್ಷ ಹೋಗಿ ಕೂತ. ಊರಿಗೆ ಅಧ್ಯಕ್ಷನಾದರೂ ಮನೆಮಗಳ ಮುಂದೆ ಅವನು ತಮ್ಮನ ಮಗ. ಎಲೆಯಡಿಕೆ ಚೀಲವನ್ನು ಅವನ ಕೈಗೇ ಕೊಟ್ಟು, ಅತ್ತೆ ನೆರಿಗೆ ಎತ್ತಿ ಕಚ್ಚೆ ಹಾಕಿದರು. ನೆಲದಿಂದ ಒಂದು ಹೆಂಚಿನ ಚೂರು ಹೆಕ್ಕಿ, ಉಗುಳು ಹಚ್ಚಿ, ಕುಂಟೆಬಿಲ್ಲೆಯ ಮೊದಲ ಪಟಕ್ಕೆ ಎಸೆದರು.

ನಾನು ಸೀಟಿ ಊದಿದೆ. ಗಡಿಯಾರ ಸೊನ್ನೆಯಿಂದ.

ಆ ಹದಿನೈದು ನಿಮಿಷವನ್ನು ಬರೆಯಲು ನನಗೆ ಶಕ್ತಿ ಸಾಲದು. ಬೆಳಿಗ್ಗೆ ಎದ್ದರೆ ಮಂಡಿ ಹಿಡಿದುಕೊಂಡು ಹೊಸಿಲು ದಾಟುತ್ತಿದ್ದ ನಮ್ಮತ್ತೆ ಒಂಟಿಕಾಲಿನಲ್ಲಿ ಹಾರುತ್ತಿದ್ದರು. ಗೆರೆ ತುಳಿಯಲಿಲ್ಲ. ತಿರುಗುವಾಗ ಕೈಗಳನ್ನು ಹಕ್ಕಿಯ ಹಾಗೆ ಬಿಚ್ಚಿ ತೂಕ ಹಿಡಿದರು. ದಣಿದವರು ಮೆಲ್ಲಗೆ ವೃತ್ತದಲ್ಲಿ ನಡೆದು ಮತ್ತೆ ಆಟಕ್ಕೆ ಬರಬೇಕು ಎಂದು ನಾನು ಹೇಳಿಕೊಟ್ಟಿದ್ದೆ, ಅತ್ತೆ ಹಾಗೆ ನಡೆಯುವಾಗಲೂ ಪಕ್ಕದವರ ಆಟವನ್ನು ಬೈಯುತ್ತಿದ್ದರು. ಮಾತಾಡಲು ಆಗಬೇಕು, ಹಾಡಲು ಆಗಬಾರದು ಎಂಬ ಅಳತೆಗೆ ಸರಿಯಾಗಿತ್ತು. ಸುತ್ತ ನೂರಾರು ಹೆಂಗಸರು ಓಡುತ್ತಿದ್ದರು. ಜಡೆಗಳು ಬಿಚ್ಚಿದ್ದವು, ಬಳೆಗಳ ಸದ್ದಿನಲ್ಲಿ ನನ್ನ ಸೀಟಿ ನನಗೇ ಕೇಳುತ್ತಿರಲಿಲ್ಲ. ವೀಕ್ಷಕಿ ಬೂಟು ಕಳಚಿ ಚಪ್ಪಲಿಗಳ ಸಾಲಿನ ಕೊನೆಗೆ ಇಟ್ಟು ವೃತ್ತದೊಳಗೆ ಸೇರಿದ್ದಳು. ಪರದೆಯ ಮೇಲೆ ನಾನು ಕಂಡಿದ್ದ ನದಿಯ ದಡ, ಹಿಮದ ಗುಡ್ಡ ಎಲ್ಲ ನಮ್ಮ ಹೇಮಾವತಿಯ ಪಕ್ಕಕ್ಕೆ ಬಂದುಬಿಟ್ಟಿತ್ತು. ನನಗೆ ಕಣ್ಣಲ್ಲಿ ನೀರು ತುಂಬಿ ಗಡಿಯಾರದ ಮುಳ್ಳು ಕಾಣಲಿಲ್ಲ. ಹದಿನೈದಾದದ್ದನ್ನು ಕೂಗಿದ್ದು ಪಕ್ಕದಲ್ಲಿ ನಿಂತಿದ್ದ ಶಿಕ್ಷಕರು. ಕೂಗಿದರೂ ಯಾರೂ ನಿಲ್ಲಲಿಲ್ಲ.

ಆಮೇಲೆ ಹಾರ, ಶಾಲು, ಭಾಷಣ ಎಲ್ಲ ಆಯಿತು. ವೀಕ್ಷಕಿ ನನ್ನ ನಮೂನೆಯ ತಿದ್ದಿದ ಕಲಮಿನ ಮೇಲೆ ಬೆರಳಿಟ್ಟು, ಏರೋಗ್ರಾಮ್ ತಲುಪಿದಾಗಿನಿಂದ ತವರೂರು ಎಂಬ ಈ ಪದದ ಅರ್ಥ ಕೇಳಬೇಕೆಂದಿದ್ದೇನೆ ಎಂದಳು. ಹೆಣ್ಣು ಓಡಬಹುದಾದ ಊರು ಎಂದೆ. ಅದು ಸರಿಯಾದ ಅರ್ಥವಲ್ಲ, ನನ್ನ ಇಂಗ್ಲಿಷಿಗೆ ಆ ಹೊತ್ತಿನಲ್ಲಿ ಬೇರೆ ತೋಚಲಿಲ್ಲ. ಆಕೆ ಅದನ್ನೇ ಬರೆದುಕೊಂಡಳು. ಮೂರು ವರ್ಷದ ಕಾರ್ಯಕ್ರಮ ನಮಗೇ ಎಂದು ಅಲ್ಲೇ ಹೇಳಿದಳು. ಆಮೇಲೆ ಕೇಳಿದಳು, ನೀನು ಎಲ್ಲಿ ಓಡುತ್ತೀ? ಶಾಲೆಯಲ್ಲಿ ಎಂದೆ. ಅದು ನಿನ್ನ ದುಡಿಮೆಯಲ್ಲವೇ ಎಂದು ನಕ್ಕು ಕಾರು ಹತ್ತಿದಳು.

ವಾಪಸಾಗುವಾಗ ಅತ್ತೆ ನಾನು ಒಂದೇ ಸೀಟಿನಲ್ಲಿ ಕೂತೆವು. ಅವರು ಮಂಡಿ ನೀವಿಕೊಳ್ಳುತ್ತಿದ್ದರು. ಬೆಳಗೊಳ ಬಂದಾಗ ಸೆರಗನ್ನು ತಲೆಗೆ ಎಳೆದುಕೊಂಡರು. ನಾನೂ ಅಲ್ಲಿಗೆ ಸರಿಯಾಗಿ ಸೀಟಿಯನ್ನು ಕತ್ತಿನಿಂದ ತೆಗೆದೆ. ಡಬ್ಬಿಯ ಕೆಳಗೆ ಅದನ್ನು ಇಡುವಾಗ ಅವರು ನೋಡಿದರು.

ರಜೆ ಮುಗಿದ ದಿನ ಬೆಳಿಗ್ಗೆ ರೊಟ್ಟಿ ತಡವಾಯಿತು. ನಾನು ಬೀದಿಗೆ ಇಳಿಯುವಾಗ ಬಸ್ಸು ಆಗಲೇ ಅರಳೀಕಟ್ಟೆಯ ಹತ್ತಿರ ನಿಂತು ಹಾರನ್ ಮಾಡುತ್ತಿತ್ತು. ಕಟ್ಟೆಯ ತುಂಬ ಗಂಡಸರು. ನಾನು ಎಂದಿನಂತೆ ಸೆರಗು ಸರಿಮಾಡಿಕೊಂಡು ನಡೆಯತೊಡಗಿದೆ. ಬಸ್ಸು ಹೊರಟಿತು.

ಹಿಂದಿನಿಂದ, ನಮ್ಮ ಜಗಲಿಯಿಂದ, ಆ ದನಿ ಬಂತು. ಹೇಮಗಿರಿ ಕಡೆಯ ಮೈದಾನದಲ್ಲಿ ಕೇಳಿದ್ದ ಅದೇ ದನಿ.

"ಏನ್ ನೋಡ್ತಾ ನಡೀತಿಯೇ! ಓಡೇ! ಬಸ್ಸು ವೋಯ್ತದೆ, ಓಡು!"

ಕಟ್ಟೆಯ ಮೇಲಿದ್ದವರೆಲ್ಲ ತಿರುಗಿದರು. ನಾನು ಚಪ್ಪಲಿ ಕೈಗೆ ತೆಗೆದುಕೊಂಡು ಓಡಿದೆ. ಊರ ಬೀದಿಯಲ್ಲಿ, ಹನ್ನೊಂದು ವರ್ಷದಲ್ಲಿ ಮೊದಲ ಸಲ. ಡಬ್ಬಿಯ ಕೆಳಗೆ ಸೀಟಿ ಗಿಲಗಿಲ ಎನ್ನುತ್ತಿತ್ತು. ಕಂಡಕ್ಟರ್ ಬಾಗಿಲಲ್ಲಿ ನಿಂತು ಬಸ್ಸು ನಿಲ್ಲಿಸುವುದನ್ನೂ ಮರೆತು ನೋಡುತ್ತಿದ್ದ. ಓಡುವ ಬಸ್ಸನ್ನೇ ಹತ್ತಿದೆ.

ಆ ಸಂಜೆ ಶಾಲೆ ಬಿಟ್ಟ ಮೇಲೆ ಡೇರಿಗೆ ಹೋದೆ. ಪಾತ್ರೆಗಳು ಸಾಲಾಗಿ ನಿಂತಿದ್ದವು. ಹಬ್ಬ ಮುಗಿಸಿ ಹೆಣ್ಣುಮಕ್ಕಳೆಲ್ಲ ಮತ್ತೆ ಸೊಸೆಯರಾಗಿ ತಲೆಯ ಮೇಲೆ ಸೆರಗು ಹೊದ್ದು ಬಂದಿದ್ದರು. ಕಾರ್ಯದರ್ಶಿ ಹಾಲಿನಲ್ಲಿ ಲ್ಯಾಕ್ಟೋಮೀಟರ್ ಬಿಟ್ಟು ನೋಡುತ್ತಿದ್ದಳು.

"ಓಡಿದೆ" ಎಂದೆ.

ಅವಳು ತಲೆ ಎತ್ತಿದಳು. "ಯಾವೂರಲ್ಲಿ?"

"ನಮ್ಮೂರಲ್ಲಿ."

"ಯಾರ್ ಮುಂದೆ?"

"ನಮ್ಮತ್ತೆ ಮುಂದೆ."

ಅವಳು ಲ್ಯಾಕ್ಟೋಮೀಟರನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟಳು. ಹೊರಗೆ ಬಂದು ಅಂಗಳದಲ್ಲಿ ನಿಂತಳು. ರಸ್ತೆಯ ಆಚೆ ಜಗಲಿಯಲ್ಲಿ ಅವಳ ಮಾವ ಕೂತಿದ್ದರು. ಅವರ ಕಡೆ ಒಮ್ಮೆ ನೋಡಿ, ಸೆರಗನ್ನು ತಲೆಯಿಂದ ತೆಗೆದು ಸೊಂಟಕ್ಕೆ ಸಿಕ್ಕಿಸಿದಳು.

"ಅಂಗಾದ್ರೆ ಊದಿ ಸೀಟಿಯ" ಎಂದಳು.